ಕಾಫಿ ಕಾದವಳು

ಆತಿಕಾ ಬ್ಯಾಟು ಹಿಡಿದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅದೂ ಸಮುದ್ರದಾಚೆಯ ಬಹರೇನ್‌ನಲ್ಲಿ. ಬಾಲು ತಡೆಯುವುದನ್ನು ಮಾತ್ರ ಎಂಟನೆಯ ವಯಸ್ಸಿನಿಂದಲೇ ಬಲ್ಲಳು. ಆಗ ಅದನ್ನು ಯಾರೂ ಆಟ ಎನ್ನುತ್ತಿರಲಿಲ್ಲ. ಕಾಫಿ ಕಾಯುವುದು ಎನ್ನುತ್ತಿದ್ದರು.

ಅವಳ ತಂದೆ ಹಮೀದ್ ಆಲೂರಿನ ಅಂಚಿನಲ್ಲಿದ್ದುಕೊಂಡು ಸಣ್ಣ ಬೆಳೆಗಾರರಿಂದ ಕಾಫಿ ಕೊಂಡು, ಮನೆಯ ಮುಂದಿನ ಸಿಮೆಂಟ್ ಕಣದಲ್ಲಿ ಒಣಗಿಸಿ ಮಾರುವವರು. ಕೊಯ್ಲಿನ ಕಾಲದಲ್ಲಿ ಕಣದ ಮುಕ್ಕಾಲು ಪಾಲು ಕಾಫಿ. ಉಳಿದ ಮೂಲೆಯಲ್ಲಿ ಅಣ್ಣಂದಿರಾದ ರಿಯಾಜ್, ಅಯಾಜರ ಕ್ರಿಕೆಟ್ಟು. ಅರೆ ಒಣಗಿದ ಬೀಜ ತುಳಿದರೆ ಸಿಪ್ಪೆ ಬಿರಿಯುತ್ತದೆ. ಬಾಲು ಕಾಫಿಯೊಳಗೆ ಹೋಗಕೂಡದು. ಹೋಗದ ಹಾಗೆ ಅಂಚಿನಲ್ಲಿ ನಿಲ್ಲಬೇಕಾದವಳು ಆತಿಕಾ. ಬಾಲಿನ ಮೇಲೊಂದು ಕಣ್ಣು, ಒಳಗೆ ಒಲೆಯ ಮೇಲಿಟ್ಟ ಹಾಲಿನ ಮೇಲೊಂದು ಕಣ್ಣು.

“ನಂಗೂ ಒಂದ್ಸಲ ಬ್ಯಾಟಿಂಗ್ ಕೊಡೋ ಅಣ್ಣ.”

“ನೀನು ಬ್ಯಾಟ್ ಮಾಡಿದ್ರೆ ಕಾಫಿ ಯಾರೇ ಕಾಯ್ತಾರೆ?” ಎನ್ನುತ್ತಿದ್ದ ರಿಯಾಜ್.

ಮದುವೆಯಾಗಿ ಬಹರೇನ್‌ಗೆ ಹೋದ ಮೇಲೆ, ಒಂದು ಶುಕ್ರವಾರ ಪಾರ್ಕಿನಲ್ಲಿ ಹೆಂಗಸರ ಆಟ ನಡೆದಿತ್ತು. ಟಿಫಿನ್ ಬಿಚ್ಚುತ್ತಿದ್ದ ಆತಿಕಾ ತನ್ನ ಕಡೆ ನುಗ್ಗಿ ಬಂದ ಬಾಲನ್ನು ಬಲಕ್ಕೆ ಬಿದ್ದು ತಡೆದು, ಬಿದ್ದಲ್ಲಿಂದಲೇ ವಿಕೆಟ್ಟಿಗೆ ಎಸೆದಳು. “ಎಲ್ಲಿ ಕಲಿತೆ?” ಎಂದು ಓಡಿ ಬಂದವಳೊಬ್ಬಳು ಕೇಳಿ, ಅವಳ ಕೈಗೆ ಬ್ಯಾಟು ಕೊಟ್ಟಳು. ಮೂರು ವರ್ಷಕ್ಕೆ ಆ ದೇಶದ ತಂಡದಲ್ಲಿ ಅವಳ ಹೆಸರಿತ್ತು. ತಂಡದಲ್ಲಿದ್ದವರು ನರ್ಸುಗಳು, ಟೀಚರುಗಳು, ಮಕ್ಕಳನ್ನು ಮಲಗಿಸಿ ಬರುವ ತಾಯಂದಿರು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಗಂಡ ಇಮ್ತಿಯಾಜ್ ಎಂದೂ ಬೇಡವೆನ್ನಲಿಲ್ಲ. ಅಭ್ಯಾಸವಿದ್ದ ದಿನ ಸಾರು ಮಾತ್ರ ಮಧ್ಯಾಹ್ನಕ್ಕೇ ಆಗಿರಬೇಕಿತ್ತು.

ಈ ಜನವರಿಯಲ್ಲಿ ಅಮ್ಮ ಮಸೂದಾ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಅತ್ತಿಗೆ ಅಫ್ಶಾನ್ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಎರಡು ವಾರಕ್ಕೆಂದು ಓಡಿ ಬಂದ ಆತಿಕಾ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ಹೊಕ್ಕಳು. ಮಂಗಳವಾರ ವಾಪಸ್ ವಿಮಾನ; ಅದರ ಮುಂದಿನ ವಾರ ವಿಶ್ವಕಪ್ಪಿಗೆ ಏಷ್ಯಾದ ಅರ್ಹತಾ ಪಂದ್ಯಗಳು. ಆ ಪಂದ್ಯಗಳು ಮತ್ತೆ ಬರುವುದು ಎರಡು ವರ್ಷಕ್ಕೆ. ಆಗ ಅವಳಿಗೆ ಮೂವತ್ತೈದು.

ಅಮ್ಮನ ಕೈಗೆ ಇನ್ನೂ ಮೂರು ವಾರ ಪ್ಲಾಸ್ಟರು.

“ಟಿಕೆಟ್ ಮುಂದಕ್ಕಾಕ್ಸು,” ಎಂದ ರಿಯಾಜ್ ಶನಿವಾರ ರಾತ್ರಿ, ಉಂಡ ತಟ್ಟೆ ಮುಂದಕ್ಕೆ ತಳ್ಳುತ್ತ. “ಆಟ ಎಲ್ಲಿಗೋಯ್ತದೆ? ಅಮ್ಮಿ ಕೈ ಹಿಂಗೈತೆ.”

ಹಮೀದ್ ಮಾತಾಡಲಿಲ್ಲ. ಈ ಮನೆಯಲ್ಲಿ ಅವರು ಸುಮ್ಮನಿದ್ದರೆ ಹೂಂ ಎಂದೇ ಅರ್ಥ. ತಟ್ಟೆ ತೊಳೆದಿಟ್ಟು ಆತಿಕಾ ಟಿಕೆಟ್ ಬದಲಿಸಲು ಮೊಬೈಲ್ ತೆರೆದಳು. ಮಸೂದಾ ಅದನ್ನು ನೋಡಿದರು.

ಮರುದಿನ ಭಾನುವಾರ. ಅಣ್ಣಂದಿರು ಗೆಳೆಯರನ್ನು ಕೂಡಿಕೊಂಡು ಕಣದ ಮೂಲೆಯಲ್ಲಿ ಸ್ಟಂಪು ನೆಟ್ಟರು. ಯಾರೂ ಹೇಳದಿದ್ದರೂ ಆತಿಕಾ ಹೋಗಿ ಕಾಫಿಯ ಅಂಚಿನಲ್ಲಿ ನಿಂತಳು.

“ಆತಿಕಾ, ಬಾ ಇಲ್ಲಿ. ನನ್ ಪಕ್ಕ ಕೂತ್ಕ,” ಜಗಲಿಯಿಂದ ಮಸೂದಾ ಕರೆದರು.

“ಬಾಲು ಕಾಫಿಗೆ ಹೋಗ್ತದೆ ಅಮ್ಮಿ.”

“ಹೋಗ್ಲಿ. ರಿಯಾಜ್, ಇವತ್ತು ನೀನು ನಿಂತ್ಕೊಳೋ ಅಲ್ಲಿ.”

ರಿಯಾಜ್ ನಗುತ್ತಲೇ ಬಂದು ನಿಂತ. ಮೊದಲ ಬಾಲು ಅವನ ಕಾಲ ಸಂದಿಯಲ್ಲೇ ನುಸುಳಿತು. ಎರಡನೆಯದಕ್ಕೆ ಬಗ್ಗುವಷ್ಟರಲ್ಲಿ ತಡವಾಯಿತು. ಮೂರನೆಯದನ್ನು ಅಟ್ಟಿಸಿಕೊಂಡು ಹೋದ ಅಯಾಜ್ ಬೂಟುಗಾಲಲ್ಲೇ ಕಾಫಿಯ ನಡುವಿನವರೆಗೂ ಓಡಿಬಿಟ್ಟ.

“ಹಾಳ್ಮಾಡ್ಬುಟ್ರಲ್ಲೋ!” ಹಮೀದ್ ಎದ್ದು ಬಂದರು. “ಚಿಕ್ಕ ಹುಡುಗ್ರಾಗಿದ್ದಾಗ್ಲೂ ಇಲ್ಲೇ ಆಡ್ತಿದ್ರಿ, ಒಂದ್ ದಿನಾನಾದ್ರೂ ಹಿಂಗಾಗಿತ್ತಾ?”

ಮೂವತ್ತು ವರ್ಷದಿಂದ ಆ ಕಣದಲ್ಲಿ ಕಾಫಿ ತಿರುವುವ ಚೌಡಮ್ಮ ಬೆನ್ನು ನೆಟ್ಟಗೆ ಮಾಡಿ ನಕ್ಕಳು. “ಆಗ ಅಲ್ಲಿ ನಿಂತಿದ್ದೋರು ಯಾರು ಸಾಹೇಬ್ರೇ? ನಿಮ್ ಮಗಳು ಕಣ್ರೀ. ಒಂದ್ ಬಾಲ್ ಬುಟ್ಟಿದ್ದು ನಾ ಕಾಣೆ.”

ಹಮೀದ್ ಚದುರಿದ ಕಾಫಿಯನ್ನು ನೋಡಿದರು. ಆಮೇಲೆ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ ಮಗಳನ್ನು ನೋಡಿದರು.

“ಮಂಗಳವಾರ ಅವ್ಳು ಹೊರಡ್ತಾಳೆ,” ಎಂದರು ಮಸೂದಾ.

“ಅಡುಗೆ?” ರಿಯಾಜ್ ಕೇಳಿದ.

“ನಂಗೆ ಬಾಯೈತೆ, ಹೇಳ್ತೀನಿ. ಮಾಡೋಕೆ ನಿಮ್ಮಪ್ಪನ್ದೂ ಸೇರಿ ಆರು ಕೈ ಅವೆ ಈ ಮನೇಲಿ.”

ಎಲ್ಲರೂ ಹಮೀದರತ್ತ ತಿರುಗಿದರು. “ಮಂಗಳವಾರ ಆರಕ್ಕೇ ಕಾರು ಬರೋಕ್ ಹೇಳು,” ಎಂದು ಅವರು ಅಯಾಜನಿಗೆ ಹೇಳಿ, ಕಾಫಿ ಸರಿಪಡಿಸಲು ಬಗ್ಗಿದರು.

ಮೊದಲ ಪಂದ್ಯದ ದಿನ ಮೊಬೈಲಿನಲ್ಲಿ ಆಟ ಹಚ್ಚಿ ಅಕ್ಕಿ ಡಬ್ಬಿಗೆ ಒರಗಿಸಿಟ್ಟಿದ್ದರು. ರಿಯಾಜ್ ಅಕ್ಕಿರೊಟ್ಟಿ ತಟ್ಟುತ್ತಿದ್ದ, ಒಂದೂ ದುಂಡಗಿರಲಿಲ್ಲ. ಗೆರೆಯತ್ತ ಓಡಿದ ಬಾಲಿನ ಮೇಲೆ ಆತಿಕಾ ಬಲಕ್ಕೆ ಬಿದ್ದಳು, ತಡೆದಳು, ಎದ್ದಳು. ಮಸೂದಾ ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡರು.

ಬಹರೇನ್ ಸೋತಿತು. ಕಣದಿಂದ ತಡವಾಗಿ ಒಳಗೆ ಬಂದ ಹಮೀದ್ ಸೋಲು ಗೆಲುವಿನ ಮಾತೆತ್ತಲಿಲ್ಲ.

“ಅವ್ಳಿಗೆ ಬ್ಯಾಟಿಂಗ್ ಕೊಟ್ರಾ?” ಎಂದು ಕೇಳಿದರು.

“ಕೊಟ್ರು,” ಎಂದರು ಮಸೂದಾ. “ಹದಿನಾಲ್ಕು ಹೊಡದ್ಲು. ರಿಯಾಜ್, ರೊಟ್ಟಿ ಮಗುಚೋ, ಸೀದೋಗ್ತದೆ.”