ಅಮ್ಮ ಕಟ್ಟಿಟ್ಟ ಬಟ್ಟಲು

ದೆವ್ವ, ಶಕುನ, ಕನಸಿನಲ್ಲಿ ಕಂಡದ್ದು ನಿಜವಾಯಿತು ಎಂಬ ಮಾತುಗಳನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದವಳು ನಾನು. ನೇಕಾರರ ಊರಾದ ನೆಗಮಂನ ನಮ್ಮ ಬೀದಿಯಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಮಗ್ಗದ ಮುಂದೆ ಕೂತವರಿಗೆ ಕೈಗೆ ಕೆಲಸವಿರುತ್ತದೆ, ಬಾಯಿಗೆ ಇರುವುದಿಲ್ಲ, ಅದಕ್ಕೇ ಹೀಗೆ ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಬಟ್ಟೆಗೆ ಬಣ್ಣ ಹಾಕುವ ವಿದ್ಯೆ ಕಲಿಯಲು ಜಪಾನಿಗೆ ಹೋಗಿದ್ದೆ. ಅಲ್ಲಿ ದೊಡ್ಡ ಕಷ್ಟವೆಂದರೆ ಊಟ. ತರಕಾರಿ ಸಾರು ಎಂದು ಕೊಟ್ಟರೂ ಅದರಲ್ಲಿ ಮೀನಿನ ರಸ ಇದ್ದೇ ಇರುತ್ತಿತ್ತು. ಬೌದ್ಧ ಗುಡಿಯೊಂದರಲ್ಲಿ ವಿದ್ಯಾರ್ಥಿಗಳು ಏಳು ದಿನ ಇರಬಹುದು, ಅಲ್ಲಿ ಮೀನು ಮಾಂಸ ಒಲೆಯ ಹತ್ತಿರವೂ ಬರುವುದಿಲ್ಲ ಎಂದು ಗೆಳತಿ ಹೇಳಿದ್ದೇ ತಡ, ಹೊರಟೇಬಿಟ್ಟೆ. ಧ್ಯಾನವೆಲ್ಲ ನೆಪ, ಹೋದದ್ದು ಹೊಟ್ಟೆಪಾಡಿಗೆ.

ಅಮ್ಮನಿಗೆ ನಿಜ ಹೇಳಲಿಲ್ಲ. ಗುಡಿಯಲ್ಲಿ ಇರುತ್ತೇನೆ ಎಂದಿದ್ದರೆ, ಮಗಳು ತಲೆ ಬೋಳಿಸಿಕೊಂಡಳು ಎಂದು ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಅಲ್ಲಿ ಫೋನನ್ನೂ ತೆಗೆದಿಟ್ಟುಕೊಳ್ಳುತ್ತಾರೆ. ಹಾಗಾಗಿ, ಒಂದು ವಾರ ಪರೀಕ್ಷೆ, ಫೋನ್ ಮಾಡಬೇಡ ಎಂದುಬಿಟ್ಟೆ. ಅವಳು ದಿನಾ ಮುದ್ದಿನಿಂದ ಕೇಳುವುದನ್ನೇ ಕೇಳಿದಳು: "ಉಂಡ್ಯಾ ಕಣ್ಣು?" ಉಂಡೆ ಎಂದು ಫೋನ್ ಇಟ್ಟೆ. ಅದೂ ಸುಳ್ಳೇ.

ಗುಡಿಯಲ್ಲಿ ಬೆಳಿಗ್ಗೆ ಗಂಜಿ, ಎಳ್ಳು ಬೆರೆಸಿದ ಉಪ್ಪು, ಹಳದಿ ಬಣ್ಣದ ಮೂಲಂಗಿ ಉಪ್ಪಿನಕಾಯಿ ಎರಡು ಹೋಳು. ಉಣ್ಣುವಾಗ ಮಾತಾಡುವಂತಿಲ್ಲ. ಒಂದು ಹೋಳನ್ನು ಕೊನೆಗೆ ಉಳಿಸಿಕೊಳ್ಳಬೇಕು. ಬಟ್ಟಲಿಗೆ ಬಿಸಿನೀರು ಹಾಕುತ್ತಾರೆ. ಆ ಹೋಳಿನಿಂದ ಬಟ್ಟಲನ್ನು ಸುತ್ತ ಉಜ್ಜಿ, ಹೋಳನ್ನು ತಿಂದು, ತೊಳೆದ ನೀರನ್ನು ಕುಡಿಯಬೇಕು. ಆಮೇಲೆ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ, ತುದಿಗಳು ಮೊಗ್ಗಿನ ಹಾಗೆ ಮೇಲೆ ನಿಲ್ಲುವಂತೆ ಗಂಟು ಹಾಕಬೇಕು. ಮೊದಲ ದಿನ ನನಗೆ ವಾಕರಿಕೆ ಬಂತು. ನಮ್ಮ ಕಡೆ ಪಾತ್ರೆ ತೊಳೆದ ನೀರು ದನದ ಕಲಗಚ್ಚಿಗೆ ಹೋಗುತ್ತದೆ. ಇದನ್ನು ಅಮ್ಮನಿಗೆ ಸಾಯುವ ತನಕ ಹೇಳಬಾರದು ಎಂದುಕೊಂಡದ್ದು ನೆನಪಿದೆ.

ಎಂಟನೆಯ ದಿನ ಫೋನ್ ಕೈಗೆ ಬಂದಾಗ ಅದರ ತುಂಬ ತಂಗಿಯ ಕರೆಗಳೇ. ಜ್ವರವೆಂದು ಮಲಗಿದ್ದ ಅಮ್ಮ ಎರಡು ದಿನದ ಹಿಂದೆ ಮಧ್ಯಾಹ್ನ ಹೋಗಿಬಿಟ್ಟಿದ್ದಳು. ನಾನು ಊರು ಸೇರುವಷ್ಟರಲ್ಲಿ ಬೂದಿಯನ್ನೂ ನೀರಿಗೆ ಬಿಟ್ಟಾಗಿತ್ತು. ಅಮ್ಮನ ಮುಖ ನೋಡಲಿಲ್ಲ ನಾನು. ಇಷ್ಟು ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಊರು ಸೇರಿದ ಮರುದಿನ ಬೆಳಿಗ್ಗೆ ತಂಗಿ ಗಂಜಿ ಕೊಟ್ಟಳು. ಏನು ಉಣ್ಣುತ್ತಿದ್ದೇನೆ ಎಂಬ ಎಚ್ಚರ ನನಗಿರಲಿಲ್ಲ. ಏಳು ದಿನದ ರೂಢಿ, ಕೈ ತಾನಾಗಿ ಬಟ್ಟಲಿಗೆ ನೀರು ಹಾಕಿ, ನೆಂಚಿಕೊಳ್ಳಲು ಇಟ್ಟ ಮಾವಿನಕಾಯಿ ಹೋಳಿನಿಂದ ಉಜ್ಜಿತು. ನೀರು ಕುಡಿದು ತಲೆ ಎತ್ತಿದರೆ ತಂಗಿ ಬಿಳಿಚಿಕೊಂಡು ನಿಂತಿದ್ದಳು.

"ಅಕ್ಕಾ, ಅಮ್ಮನೂ ಹಿಂಗೇ ಮಾಡಿದ್ಳು," ಎಂದಳು. "ಕಡೇ ದಿನ ಬೆಳಿಗ್ಗೆ. ಮೂರು ದಿನ ಏನೂ ಉಣ್ದೇ ಇದ್ದವಳು ಎದ್ದು ಕುಂತು ಗಂಜಿ ಕೇಳಿದ್ಳು. ಮುಳ್ಳಂಗಿ ಒಂದು ತುಂಡು ಕೊಡು ಅಂದ್ಳು. ಅದ್ರಲ್ಲಿ ಬಟ್ಟಲು ಉಜ್ಜಿ, ಆ ನೀರು ಕುಡಿದ್ಳು. ಅಯ್ಯೋ, ಏನಮ್ಮಾ ಇದು ಅಂದ್ರೆ, 'ನಿಮ್ಮಕ್ಕ ಅಲ್ಲಿ ಹಿಂಗೆ ತಾನೇ ಉಣ್ಣಾದು' ಅಂದ್ಳು. ಜ್ವರದಲ್ಲಿ ಏನೋ ಉಳರ್ತಾಳೆ ಅಂದ್ಕೊಂಡೆ."

ಆಮೇಲೆ ಅಲಮಾರಿಯಿಂದ ಒಂದು ಗಂಟು ತಂದು ನನ್ನ ಮುಂದಿಟ್ಟಳು. ಅಮ್ಮ ತನ್ನ ಬಟ್ಟಲನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದಳು. ಬಿಚ್ಚಲು ತಂಗಿಗೆ ಮನಸ್ಸು ಬಂದಿರಲಿಲ್ಲ. ಗಂಟಿನ ತುದಿಗಳು ಮೊಗ್ಗಿನ ಹಾಗೆ ಮೇಲೆ ನಿಂತಿದ್ದವು. ಅದನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತೆ.

ನಂಬದವಳಾಗಿಯೇ ಯೋಚಿಸಿ ನೋಡಿದ್ದೇನೆ. ನೇಯುವವರಿಗೆ ಗಂಟು ಹೊಸದಲ್ಲ. ಕಷ್ಟದಲ್ಲಿ ಬೆಳೆದವಳು, ಯಾರೋ ಬಟ್ಟಲು ತೊಳೆದು ಕುಡಿದದ್ದನ್ನು ಎಂದೋ ಕಂಡಿರಬಹುದು. ಆದರೆ ಮೂಲಂಗಿ? ಅದರ ವಾಸನೆಗೇ ಸೆರಗಿನಿಂದ ಮೂಗು ಮುಚ್ಚುತ್ತಿದ್ದವಳು ನಮ್ಮಮ್ಮ. ಅವಳ ಫೋನು ಗುಂಡಿ ಒತ್ತುವ ಹಳೆಯದು, ಅದರಲ್ಲಿ ಚಿತ್ರ ಬರುತ್ತಿರಲಿಲ್ಲ. ಗುಡಿಯ ಊಟದ ಸುದ್ದಿಯನ್ನು ಆವರೆಗೆ ನಾನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಲೆಕ್ಕ ಹತ್ತುವುದಿಲ್ಲ.

ನಾನು ಉಣ್ಣುವ ರೀತಿ ಅವಳಿಗೆ ತಿಳಿದಿತ್ತು ಎಂದರೆ ಪರೀಕ್ಷೆ ಎಂಬ ಸುಳ್ಳೂ ತಿಳಿದಿರಬೇಕು. ನೊಂದುಕೊಂಡಳೋ, ಹೋಗಲಿ ಬಿಡು ಎಂದು ನನ್ನ ಜೊತೆ ಕೂತು ಉಂಡಳೋ? ಕೇಳಲು ಅವಳಿಲ್ಲ. ಉಂಡ್ಯಾ ಎಂದು ನನ್ನನ್ನು ಕೇಳುವವರೂ ಇಲ್ಲ.

ಗಂಟು ಈಗಲೂ ಹಾಗೇ ಇದೆ. ಎಷ್ಟು ದಿನ ಇಟ್ಕೊಂತೀಯ, ಬಿಚ್ಚು ಎಂದು ತಂಗಿ ಬೈಯುತ್ತಾಳೆ. ಒಮ್ಮೆ ಬಿಚ್ಚಿದರೆ, ಅದನ್ನು ಮತ್ತೆ ಕಟ್ಟುವ ಕೈ ನನ್ನದಾಗುತ್ತದೆ.