ಚಿಟ್ಟೆಗಾಗಿ ಬೋರಲು ಮಲಗಿದ್ದು

"ಅಯ್ಯೋ, ಬಿದ್ಬಿಟ್ರಾ ಮಾರಾಯ್ರೇ?"

ಗೋಪಾಳ ಬಡಾವಣೆಯ ನಮ್ಮ ಮನೆಯ ಹಿತ್ತಲಲ್ಲಿ, ಕರಿಬೇವಿನ ಗಿಡದ ಬುಡಕ್ಕೆ ಬೋರಲು ಮಲಗಿದ್ದ ನನ್ನನ್ನು ನೋಡಿ, ಕಾಂಪೌಂಡ್ ಆಚೆ ಬಟ್ಟೆ ಒಣಗಿಸುತ್ತಿದ್ದ ಸಾವಿತ್ರಮ್ಮ ಕೂಗಿದರು. ನಾನು ತುಟಿ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಕೊಂಬೆ ತೋರಿಸಿದೆ. ಸಣ್ಣದನ್ನೂ ದೊಡ್ಡದಾಗಿ ತೋರಿಸುವ ನನ್ನ ಕ್ಯಾಮೆರಾದ ಹೊಸ ಮ್ಯಾಕ್ರೊ ಲೆನ್ಸಿನೆದುರು, ಗೇಣು ದೂರದಲ್ಲಿ, ಕಪ್ಪು ಚಿಟ್ಟೆಯೊಂದು ರೆಕ್ಕೆ ಬಡಿಯುತ್ತಾ ಹೊಟ್ಟೆ ಬಾಗಿಸಿ ಚಿಗುರಿಗೆ ತಾಗಿಸುತ್ತಿತ್ತು. ಆಹಾ, ಎಂಥ ಭಂಗಿ! ಕ್ಲಿಕ್ಕಿಸಿದೆ.

ಸಾವಿತ್ರಮ್ಮ ದನಿ ತಗ್ಗಿಸಿದರು. "ಅದು ಮೊಟ್ಟೆ ಇಡ್ತಿದೆ ಕಣ್ರೀ. ಹೋದ ವಾರ ಔಷಧಿ ಹೊಡೆದು ಸಾಯಿಸಿದ್ರಲ್ಲ ಹಸಿರು ಹುಳ, ಅವೇ ಬೆಳೆದ್ರೆ ಹಿಂಗೆ ಚಿಟ್ಟೆ ಆಗೋದು."

ಹೊಡೆದದ್ದು ನಿಜ. ಹುಳ ತಿಂದು ತೂತು ಬಿದ್ದ ಎಲೆ ಫೋಟೊದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಹೊಡೆದಿದ್ದೆ!

ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿನವರು ಆ ಫೋಟೊ ನೋಡಿ ನನ್ನನ್ನು ‘ಚಿಟ್ಟೆಗಳ ಬಂಧು’ ಅಂದರು. ನಾನೂ ನಾಚದೆ ಕೈಮುಗಿಯುವ ಚಿತ್ರ ಹಾಕಿದೆ. ಪುಣ್ಯಕ್ಕೆ ಯಾರೂ ಫೋಟೊ ದೊಡ್ಡದು ಮಾಡಿ ನೋಡಲಿಲ್ಲ. ಒಳ್ಳೆಯ ಲೆನ್ಸು ಏನನ್ನೂ ಮುಚ್ಚಿಡುವುದಿಲ್ಲ ನೋಡಿ: ಸಾಸಿವೆಯಷ್ಟಿದ್ದ ಆ ಮೊಟ್ಟೆಯ ಪಕ್ಕದಲ್ಲೇ, ನಾನು ಹೊಡೆದ ಔಷಧಿಯ ಬಿಳಿ ಕಲೆಯೂ ಅಷ್ಟೇ ಸ್ಪಷ್ಟವಾಗಿತ್ತು.