ಅಣ್ಣನ ಸೈಕಲ್ಲಿಗೆ ನಾನು ತೆಗೆದ ಅಳತೆ

ಸೈಕಲ್ಲಿನ ಸೀಟು ಒಂದು ಕಬ್ಬಿಣದ ಪೈಪಿನ ಮೇಲೆ ಕೂತಿರುತ್ತದೆ, ಆ ಪೈಪು ಫ್ರೇಮಿನೊಳಕ್ಕೆ ಇಳಿದಿರುತ್ತದೆ. ಇಷ್ಟು ಸಣ್ಣ ಸಂಗತಿಯಲ್ಲಿ ಮನುಷ್ಯ ಎಷ್ಟು ದೊಡ್ಡ ಅಯೋಗ್ಯನಾಗಬಹುದು ಅನ್ನುವುದಕ್ಕೆ ನಾನೇ ಸಾಕ್ಷಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟರಾಗಿದ್ದೆ. ಕೆಲಸ ಹೊಸದು, ಜಂಭ ಅದಕ್ಕಿಂತ ಹೊಸದು.

ಅಣ್ಣ ಕುಣಿಗಲ್‌ನಲ್ಲಿದ್ದ. ಅಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು, ಹುಲಿಯೂರುದುರ್ಗದ ದಾರಿಯ ಪೆಟ್ಟಿಗೆ ಅಂಗಡಿಗಳಿಗೆಲ್ಲ ಬೀಡಿ, ಬೆಂಕಿಪೊಟ್ಟಣ, ಸೋಪು ಸೈಕಲ್ಲಿನಲ್ಲಿ ಒಯ್ದು ಹಾಕಿ ಬರುತ್ತಿದ್ದ. ಆ ಸೈಕಲ್ ತುಳಿದೇ ನನ್ನನ್ನು ತುಮಕೂರಿನಲ್ಲಿ ಬಿಎಸ್ಸಿ ಓದಿಸಿದ. ಸೈಕಲ್ಲಿನ ಮೂಲ ಪೈಪು ಯಾವಾಗಲೋ ಮುರಿದು, ಆ ಅಳತೆಯದು ಊರಲ್ಲಿ ಸಿಗದೆ, ಸಣ್ಣದೊಂದನ್ನು ಹಾಕಿಸಿಕೊಂಡಿದ್ದ. ಸಂದಿಗೆ ಎಣ್ಣೆ ಡಬ್ಬದ ತಗಡು ಸುತ್ತಿ ಬಿಗಿ ಮಾಡಿಕೊಡುತ್ತಿದ್ದವನು ಬಸ್‌ಸ್ಟ್ಯಾಂಡ್ ಹತ್ತಿರದ ಸೈಕಲ್ ಶಾಪಿನಾತ, ಅಣ್ಣನ ಜೀವದ ಗೆಳೆಯ. ದಿನಾ ಬೆಳಿಗ್ಗೆ ಇಬ್ಬರೂ ಬೈ ಟೂ ಟೀ ಕುಡಿದು, ಒಬ್ಬರನ್ನೊಬ್ಬರು ಚೆನ್ನಾಗಿ ರೇಗಿಸಿಕೊಂಡ ಮೇಲೆಯೇ ಅಣ್ಣ ಸೈಕಲ್ ಹತ್ತುತ್ತಿದ್ದದ್ದು.

ತಗಡು ಎಷ್ಟು ಸುತ್ತಿದರೂ ವಾರಕ್ಕೊಮ್ಮೆ ಸೀಟು ಕುಸಿಯುತ್ತಿತ್ತು. ಅಣ್ಣ ಮಂಡಿಯನ್ನು ಎದೆಗೆ ತಗುಲಿಸಿಕೊಂಡು ತುಳಿಯುತ್ತಾ ಮನೆಗೆ ಬರುತ್ತಿದ್ದ.

"ಲೋ, ತುಮಕೂರಲ್ಲಿ ಇದ್ಕೆ ಸರಿಯಾದ್ ಪೈಪ್ ಸಿಗ್ತದಾ ನೋಡ್ಲಾ. ಸೊಂಟ ಬಿದ್ದೋಗ್ತಾ ಅದೆ," ಅಂದ.

ಮುಂದಿನ ಸಲ ಹೋಗುವಾಗ ಸ್ಕೂಲಿನ ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ ಒಯ್ದೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ತೋರಿಸುವ ಅಳತೆಪಟ್ಟಿ ಅದು. ನಾನು ಜಗಲಿಯಲ್ಲಿ ಕೂತು ಪೈಪು ಕಿತ್ತು ಫ್ರೇಮಿನ ಬಾಯಿಗೆ ಅದನ್ನಿಟ್ಟರೆ ಅಕ್ಕಪಕ್ಕದವರೆಲ್ಲ ಬಂದು ನಿಂತರು. "ನೋಡ್ರಪ್ಪ, ನನ್ ತಮ್ಮ ಮಿಷಿನ್ನಲ್ಲಿ ಅಳೀತಾನೆ!" ಅಂತ ಅಣ್ಣ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ನಾನು ಗಂಭೀರವಾಗಿ ಅಂಕಿ ಬರೆದುಕೊಂಡೆ.

ತುಮಕೂರಿನಲ್ಲಿ ಸ್ಪೇರ್‌ಪಾರ್ಟ್ಸ್ ಅಂಗಡಿಯ ಮುದುಕರು ನನ್ನ ಚೀಟಿಯನ್ನು ನೋಡಿ, "ಬಾಯಲ್ ಅಳೆದ್ರಾ ಸಾರ್? ತಗಡು ತುರುಕಿ ತುರುಕಿ ಬಾಯಿ ಅಗಲ ಆಗಿರ್ತದೆ. ಒಳಗೆ ಅಷ್ಟು ಇರಲ್ಲ. ಸೈಕಲ್ಲೇ ತಂದ್ಬಿಡಿ, ಒಂದೊಂದೇ ಇಳಿಸಿ ನೋಡಣ," ಅಂದರು.

"ಮಕ್ಕಳಿಗೆ ಅಳತೆ ಹೇಳಿಕೊಡೋದೇ ನನ್ನ ಕೆಲಸ ಕಣ್ರೀ," ಅಂದೆ. ಅವರು ಚೀಟಿಯಲ್ಲಿದ್ದ ಅಳತೆಯ ಪೈಪನ್ನೇ ಕೊಟ್ಟರು. ಎಂಥ ಕೊಬ್ಬು ನನಗೆ!

ಭಾನುವಾರ ಅಣ್ಣ ಸಂತೆಗೆ ಹೋಗಿದ್ದಾಗ ಪೈಪು ಹಾಕಲು ಕೂತೆ. ಒಂದು ಅಂಗುಲ ಇಳಿದು ನಿಂತುಬಿಟ್ಟಿತು. ಮುದುಕರ ಮಾತು ನಿಜ ಅಂತ ಆ ಕ್ಷಣಕ್ಕೇ ಗೊತ್ತಾಯಿತು. ಪೈಪು ವಾಪಸ್ಸು ತೆಗೆದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಅಷ್ಟು ಜನರ ಮುಂದೆ ಅಳೆದವನು ನಾನು, ಈಗ ತಪ್ಪಾಯಿತು ಅನ್ನುವುದು ಹೇಗೆ? ಕೊಬ್ಬರಿಎಣ್ಣೆ ಸವರಿದೆ, ಸುತ್ತಿಗೆ ತಂದು ಬಡಿದೆ. ನಾಲ್ಕನೇ ಏಟಿಗೆ ಟಪ್ ಅಂತ ಸದ್ದಾಗಿ ಫ್ರೇಮು ಬಾಯಿಂದ ಕೆಳಕ್ಕೆ ಕಿರುಬೆರಳುದ್ದ ಸೀಳಿತು.

ಅಣ್ಣ ಬಂದು ಕೇಳುವ ಮೊದಲೇ ನಾನೇ ಶುರು ಮಾಡಿದೆ. "ತಗಡು ಹೆಟ್ಟಿ ಹೆಟ್ಟಿ ಫ್ರೇಮೇ ಲಡ್ಡಾಗಿತ್ತು ಕಣಣ್ಣ. ಪೈಪ್ ಸರಿಯಾಗೇ ಇತ್ತು."

ಅಣ್ಣ ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದ. ಸೈಕಲ್ ತಳ್ಳಿಕೊಂಡು ಗೆಳೆಯನ ಶಾಪಿಗೆ ಹೊರಟ, ನಾನೂ ಹಿಂದೆ ಹೋದೆ. ಶಾಪಿನಾತ ಸೀಳಿನೊಳಗೆ ಬೆರಳಾಡಿಸಿದ, ಪೈಪಿನ ತುದಿಯ ಏಟಿನ ಗುರುತು ನೋಡಿದ.

"ಪೈಪ್ ದಪ್ಪ ಆಯ್ತು ಕಣಯ್ಯ. ಯಾರೋ ಸುತ್ತಿಗೇಲಿ ಬಡಿದವ್ರೆ. ಅಳತೆ ತಪ್ಪೈತೆ."

"ನನ್ ತಮ್ಮ ಸುಳ್ ಹೇಳ್ತಾನೇನಯ್ಯ? ತಗಡು ಹೆಟ್ಟಿ ಗಾಡಿ ಹಾಳ್ಮಾಡಿದ್ದು ನೀನು!" ಅಣ್ಣನ ದನಿ ರಸ್ತೆಗೆಲ್ಲ ಕೇಳಿತು.

"ನಾನ್ಯಾಕೆ ಜಗಳ ಆಡ್ಲಿ? ಮೇಷ್ಟ್ರನ್ನೇ ಕೇಳು."

ಇಬ್ಬರೂ ನನ್ನ ಕಡೆ ತಿರುಗಿದರು. "ವರ್ನಿಯರ್ ತಪ್ಪು ತೋರ್ಸಲ್ಲ," ಅಂದೆ. ಅದು ಸುಳ್ಳೂ ಅಲ್ಲ. ಅಳೆದ ಜಾಗ ತಪ್ಪಾಗಿತ್ತು, ಉಪಕರಣ ಸರಿಯಾಗೇ ಇತ್ತು. ಇಷ್ಟು ಕಿತ್ತುಹೋದ ಜಾಣತನವನ್ನು ಆಮೇಲೆ ಯಾರಲ್ಲೂ ನೋಡಿಲ್ಲ. ಥೂ.

ಅಣ್ಣ ಬೇರೆ ಕಡೆ ಫ್ರೇಮು ಬದಲಾಯಿಸಿಕೊಂಡ. ಆ ಶಾಪಿನ ಮೆಟ್ಟಿಲು ಮತ್ತೆ ತುಳಿಯಲಿಲ್ಲ. ಬೆಳಗಿನ ಟೀ ಮನೆಯಲ್ಲೇ ಕುಡಿಯತೊಡಗಿದ. ಹಾಲು ಜಾಸ್ತಿಯಾಯಿತು, ಸಕ್ಕರೆ ಕಡಿಮೆಯಾಯಿತು ಅಂತ ಅತ್ತಿಗೆಯ ಮೇಲೆ ರೇಗುತ್ತಿದ್ದ. ಅವನಿಗೆ ಏನು ಕಡಿಮೆಯಾಗಿದೆ ಅಂತ ನನಗೊಬ್ಬನಿಗೆ ಚೆನ್ನಾಗಿ ಗೊತ್ತಿತ್ತು. ರಜೆಗೆ ಹೋದಾಗಲೆಲ್ಲ ಈ ಸಲ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಊಟ ಮಾಡಿ, ಹರಟೆ ಹೊಡೆದು, ಹಾಗೇ ಗುಬ್ಬಿ ಬಸ್ಸು ಹತ್ತುತ್ತಿದ್ದೆ.

ಏಳೆಂಟು ವರ್ಷ ಕಳೆದು ಅಣ್ಣನ ಮಗಳಿಗೆ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯಲು ನನ್ನನ್ನು ಕೂರಿಸಿ, ಅಣ್ಣ ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಹೇಳುತ್ತಾ ಹೋದ. ಬೀಡಿ ಅಂಗಡಿಯವರು, ಬೀದಿಯವರು, ದೂರದ ನೆಂಟರು ಎಲ್ಲ ಆದರು. ಬಸ್‌ಸ್ಟ್ಯಾಂಡ್ ಕಡೆಯವರ ಹೆಸರುಗಳೂ ಮುಗಿದವು.

"ಸೈಕಲ್ ಶಾಪಿನವರಿಗೆ?" ಅಂದೆ.

ಅಣ್ಣ ಬರೆದಿಟ್ಟ ಪತ್ರಿಕೆಗಳನ್ನು ಒಟ್ಟು ಮಾಡಿ ಜೋಡಿಸಿದ. ಆಮೇಲೆ ಹೇಳಿದ. "ನಂಗೂ ಆಸೆ ಇಲ್ವೇನ್ಲಾ? ಇವಳು ಹುಟ್ಟಿದಾಗ ಆಸ್ಪತ್ರೆ ಬಾಗ್ಲಲ್ಲಿ ರಾತ್ರಿಯೆಲ್ಲಾ ನನ್ ಜೊತೆ ಕೂತಿದ್ದೋನು ಅವ್ನು. ಆದ್ರೆ ನಾಲ್ಕು ಜನದ್ ಮುಂದೆ ನನ್ ತಮ್ಮನ್ನೇ ಸುಳ್ಳ ಅಂದವ್ನೆ. ಅದೊಂದನ್ನ ನಾನು ಹೊಟ್ಟೆಗೆ ಹಾಕ್ಕೊಳ್ಳಾಕಾಗಲ್ಲ. ಬುಡು, ಮುಂದಿಂದು ಬರಿ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿತ್ತೇ? ಅಣ್ಣನ ಕಣ್ಣು ಒದ್ದೆಯಾಗಿತ್ತು. ಪತ್ರಿಕೆಗಳು ಇನ್ನೂ ಒಂದು ಕಟ್ಟು ಉಳಿದಿದ್ದವು.

ನಾನು ಮುಂದಿನದನ್ನು ಬರೆದೆ.